ಯಜಮಾನರ ಹಿತ್ತಾಳೆ ಸಿಕ್ಕಾ

ಸಿಕ್ಕಾ ಎಂಬ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಪುಸ್ತಕದಲ್ಲಿ ಅದನ್ನು ಮುದ್ರೆ ಎಂದು ಬರೆಯುತ್ತೇವೆ, ಕಚೇರಿಯವರು ಮೊಹರು ಎನ್ನುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗದ ಸುತ್ತಿನ ನಮ್ಮ ಮಂದಿಗೆ ಅದು ಸಿಕ್ಕಾ. ಎಂಬತ್ತರ ದಶಕದಲ್ಲಿ ಸಿಕ್ಕಾ ಇಲ್ಲದ ಕಾಗದವನ್ನು ನಮ್ಮ ಕಡೆ ಯಾರೂ ಕಾಗದ ಎನ್ನುತ್ತಿರಲಿಲ್ಲ. ಸಹಿ ಎಷ್ಟೇ ಚೆಂದ ಇರಲಿ, ತಿರುವಿ ಮುರುವಿ ನೋಡಿ, "ಸಹಿ ಯಾರರೆ ಮಾಡತಾರ. ಸಿಕ್ಕಾ ಎಲ್ಲೈತಿ?" ಎಂದು ಕೇಳುತ್ತಿದ್ದರು. ಅದೂ ದುಂಡು ಸಿಕ್ಕಾ ಆಗಬೇಕು. ಉದ್ದನೆಯದನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಕಚೇರಿಯ ಕಾರಕೂನ ನೇರಳೆ ಶಾಯಿಯ ಪ್ಯಾಡಿನ ಮೇಲೆ ಅದನ್ನು ತಟ್ಟಿ ಕಾಗದಕ್ಕೆ ಗುದ್ದಿದನೆಂದರೆ ಮುಂದೆ ನಿಂತವರಿಗೆ ಹೋದ ಜೀವ ಬಂದಂತಾಗುತ್ತಿತ್ತು. ನಾನೂ ಆ ಸಾಲಿನಲ್ಲಿ ಎಷ್ಟೋ ಸಲ ಹಲ್ಲು ಕಡಿಯುತ್ತ ನಿಂತಿದ್ದೇನೆ.

ನಾನು ಕನ್ನಡ ಶಾಲೆಯ ಶಿಕ್ಷಕಿ. ಊರ ಮಂದಿಗೆ ಅಕ್ಕೋರು. ಇತಿಹಾಸ ಕಲಿಸುವಾಗ ಮುದ್ರೆಯ ಪಾಠ ಬಂದರೆ ಸಾಕು, ಪುಸ್ತಕ ಬದಿಗಿಟ್ಟು ಗಂಟೆ ಹೊಡೆಯುವವರೆಗೂ ಮಾತಾಡುತ್ತಿದ್ದೆ. ಬ್ಯಾಬಿಲೋನಿನವರು ಬೆರಳು ಗಾತ್ರದ ಕಲ್ಲಿನ ಉರುಳೆಯ ಮೇಲೆ ಚಿತ್ರ ಕೆತ್ತಿಸಿ ಹಸಿ ಮಣ್ಣಿನ ಮೇಲೆ ಉರುಳಿಸುತ್ತಿದ್ದರು. ಅದೇ ಅವರ ಸಹಿ. ನಮ್ಮ ಚಾಲುಕ್ಯರು ದಾನದ ತಾಮ್ರದ ಹಲಗೆಗಳಿಗೆ ಬಳೆ ತೊಡಿಸಿ, ಬಳೆ ಕೂಡುವ ಕಡೆ ವರಾಹದ ಮುದ್ರೆ ಹಾಕಿಸುತ್ತಿದ್ದರು. ನಡುವಿನ ಒಂದು ಹಲಗೆ ಕಳಚಿ ಇನ್ನೊಂದನ್ನು ಯಾರೂ ಸೇರಿಸಬಾರದಲ್ಲ. ಮರಾಠರ ಪತ್ರಗಳ ಕೊನೆಗೆ ಮೋರ್ತಬ ಎಂಬ ಚಿಕ್ಕ ಮುದ್ರೆ ಬೀಳುತ್ತಿತ್ತು. ಅದರ ಕೆಳಗೆ ಬರೆದ ಮಾತಿಗೆ ಬೆಲೆ ಇರಲಿಲ್ಲ. ಜಪಾನಿನಲ್ಲಿ ಸಾಮಾನ್ಯ ಮನುಷ್ಯನೂ ತನ್ನ ಹೆಸರಿನ ಮುದ್ರೆಯನ್ನು ಕಚೇರಿಯಲ್ಲಿ ದಾಖಲು ಮಾಡಿಸಿ ಇಟ್ಟುಕೊಳ್ಳುತ್ತಾನೆ. ರೋಮಿನ ಪೋಪ್ ತೀರಿಕೊಂಡರೆ ಅವರ ಮುದ್ರೆಯುಂಗುರವನ್ನೇ ಕೆಡಿಸಿಬಿಡುತ್ತಾರೆ, ಸತ್ತವರ ಹೆಸರಲ್ಲಿ ಯಾರೂ ಆಜ್ಞೆ ಹೊರಡಿಸಬಾರದೆಂದು. ಮನುಷ್ಯ ಮನುಷ್ಯನನ್ನು ನಂಬಿದ್ದರೆ ಇದಾವುದೂ ಬೇಕಾಗಿರಲಿಲ್ಲ ಎಂದು ನಾನು ಜೋರು ದನಿಯಲ್ಲಿ ಹೇಳುತ್ತಿದ್ದೆ. ಮಕ್ಕಳು ಅದನ್ನೂ ಬರೆದುಕೊಳ್ಳುತ್ತಿದ್ದರು. ಅಕ್ಕೋರಿಗೆ ಈ ಪಾಠದಲ್ಲಿ ಇಷ್ಟು ಸಿಟ್ಟು ಯಾಕೆ ಬರುತ್ತದೆ ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ.

ಸಿಟ್ಟಿಗೆ ಕಾರಣ ನನ್ನ ಅಕ್ಕ.

ನಮ್ಮ ಊರು ಅಂಕಲಿಯ ಹತ್ತಿರ, ಕೃಷ್ಣೆಯಿಂದ ಕೂಗಳತೆ ದೂರ. ಅಪ್ಪನಿಗೆ ಸ್ವಲ್ಪ ಹೊಲ, ಒಂದು ಹಿಂಡು ಕುರಿ. ಅಕ್ಕನನ್ನು ರಾಯಬಾಗ ತಾಲ್ಲೂಕಿನಲ್ಲಿ ಮುಗಳಖೋಡದ ಆಚೆಯ ಒಂದು ಊರಿಗೆ ಕೊಟ್ಟಿದ್ದರು. ಅವಳ ಗಂಡ ನೋಡಲು ಸಾಧು. ಜಗಳ ಆಡುವವನಲ್ಲ, ಕುಡಿಯುವವನಲ್ಲ. ಒಂದು ದಿನ ಮಧ್ಯಾಹ್ನ ಇನ್ನೊಬ್ಬ ಹೆಣ್ಣುಮಗಳನ್ನು ಕರೆದುಕೊಂಡು ಬಂದು ಒಲೆಯ ಮುಂದೆ ಕೂರಿಸಿ, "ಇನ್ನ ಮ್ಯಾಲ ರೊಟ್ಟಿ ಇಕಿ ಬಡೀತಾಳ" ಎಂದನಂತೆ, ಹೊಸ ಎಮ್ಮೆ ತಂದವರ ಹಾಗೆ. ಅಕ್ಕ ಕೈಯಲ್ಲಿದ್ದ ಹಿಟ್ಟು ತೊಳೆದುಕೊಂಡು, ತನ್ನ ಎರಡು ಸೀರೆ ಗಂಟು ಕಟ್ಟಿಕೊಂಡು, ಬಸ್ಸು ಹಿಡಿದು ನಮ್ಮ ಮನೆಗೆ ಬಂದಳು. ಅವ್ವ ಒಂದೆರಡು ದಿನ ಅತ್ತು, ಆಮೇಲೆ ಕುರಿಮರಿಗಳ ಕೆಲಸವನ್ನು ಅವಳಿಗೆ ಬಿಟ್ಟುಕೊಟ್ಟಳು.

ಅಕ್ಕನಿಗೆ ಆಗ ಇನ್ನೂ ಎಳೆ ವಯಸ್ಸು. ಸ್ವಲ್ಪ ಕಾಲ ಕಳೆದ ಮೇಲೆ ಕಾಗವಾಡದ ಕಡೆಯಿಂದ ಒಂದು ಮಾತು ಬಂತು. ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡವನು, ಹೆಂಡತಿ ತೀರಿಕೊಂಡವನು, ನಮ್ಮದೇ ಕುಲದವನು. ಅಂಕಲಿಯ ಸಂತೆಯಲ್ಲಿ ಅಕ್ಕನನ್ನು ನೋಡಿದ್ದನಂತೆ. ಅಕ್ಕನಿಗೂ ಒಪ್ಪಿಗೆ ಇತ್ತು. ಅವಳು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಆ ವಾರ ತಲೆಗೆ ಎಣ್ಣೆ ಹಚ್ಚಿಕೊಂಡಳು. ಆದರೆ ಅವನ ತಾಯಿ ಒಂದು ಮಾತು ಹೇಳಿ ಕಳಿಸಿದ್ದಳು: "ಸೋಡಚೀಟಿ ತರ್ರಿ. ಸಿಕ್ಕಾ ಇರಬೇಕು. ನಾಳೆ ಮೊದಲಿನ ಗಂಡ ಬಂದು ನನ್ನ ಹೇಂತಿ ಅಂತ ಬಾಗಲದಾಗ ನಿಂದ್ರಬಾರದು."

ಸೋಡಚೀಟಿ ಎಂದರೆ ಬಿಡುಗಡೆಯ ಕಾಗದ. ನಮ್ಮ ಕುಲದ ಹಿರಿಯರ ಸಭೆಗೆ ನಾವು ದೈವ ಎನ್ನುತ್ತೇವೆ. ದೈವ ಕೂಡಿ, ಗಂಡ ಹೆಂಡಿರ ಕೈಯಿಂದ ಒಂದು ಜೋಳದ ದಂಟಿನ ಕಡ್ಡಿ ಮುರಿಸಿ, ಕಾಗದ ಬರೆಸಿ, ಅದಕ್ಕೆ ದೈವದ ಯಜಮಾನರು ಸಿಕ್ಕಾ ಒತ್ತಿದರೆ ಹೆಣ್ಣು ಬಿಡುಗಡೆಯಾದಂತೆ. ನಾನು ಆಗ ಶಿಕ್ಷಕಿಯಾಗಲು ಚಿಕ್ಕೋಡಿಯಲ್ಲಿ ಟಿ.ಸಿ.ಎಚ್. ಓದುತ್ತಿದ್ದೆ. ಇಂಥ ಹಳೆಯ ಗೊಡವೆ ಯಾಕೆ, ಕೋರ್ಟಿಗೆ ಹೋಗೋಣ ಎಂದು ಅಪ್ಪನನ್ನು ಒಬ್ಬ ವಕೀಲರ ಹತ್ತಿರ ಎಳೆದುಕೊಂಡು ಹೋದೆ. ವಕೀಲರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಕೋರ್ಟಿನಾಗ ನಿಮ್ಮ ಹುಡುಗಿ ಮುದುಕಿ ಆಗತಾಳ. ನಿಮ್ಮಲ್ಲಿ ಪದ್ಧತಿ ಐತೆಲ್ಲ, ದೈವದ ಕಾಗದ ತಗೋರಿ. ಅದನ್ನ ಕೋರ್ಟೂ ಮಾನ್ಯ ಮಾಡತೈತಿ" ಎಂದರು. ಅಕ್ಕನ ಮುಂದಿನ ಬಾಳು ಒಂದು ಹಿತ್ತಾಳೆ ತುಂಡಿಗೆ ಜೋತು ಬಿತ್ತು.

ಆ ತುಂಡು ಇದ್ದದ್ದು ಯಜಮಾನರ ದೇವರ ಕೋಣೆಯಲ್ಲಿ, ಒಂದು ಚಿಕ್ಕ ಕಟ್ಟಿಗೆಯ ಪೆಟ್ಟಿಗೆಯೊಳಗೆ. ಯಜಮಾನರ ಊರು ಅಕ್ಕನ ಗಂಡನ ಊರೇ. ಇನ್ನೂ ಕೆಟ್ಟದ್ದೆಂದರೆ ಅಕ್ಕನ ಗಂಡ ಯಜಮಾನರ ಸ್ವಂತ ತಂಗಿಯ ಮಗ. ಎತ್ತರದ ಆಳು, ದಪ್ಪ ಬಿಳಿ ಮೀಸೆ, ತಲೆಗೆ ಕೆಂಪು ಪಟಗಾ, ಮಾತಾಡುವಾಗ ಎದುರಿನವರ ಮುಖ ನೋಡದೆ ಅವರ ತಲೆಯ ಮೇಲಿನ ಗೋಡೆಯನ್ನು ನೋಡುವ ಚಟ. ಆ ಸಿಕ್ಕಾವನ್ನು ಯಾವುದೋ ಕಾಲದ ರಾಜರು ನಮ್ಮ ಕುಲದ ನ್ಯಾಯ ಮಾಡಲೆಂದು ಇವರ ಹಿರಿಯರಿಗೆ ಕೊಟ್ಟಿದ್ದಾರೆಂದು ಎಲ್ಲರೂ ಹೇಳುತ್ತಿದ್ದರು. ದಸರೆಗೆ ಅದಕ್ಕೆ ಹಾಲಿನ ಅಭಿಷೇಕ. ಹೆಂಗಸರು ಮುಟ್ಟುವಂತಿಲ್ಲ.

ಮೊದಲ ಸಲ ಅಪ್ಪ, ಅಕ್ಕ, ನಾನು ಹೋದೆವು. ಬೇಸಗೆ. ಕಟ್ಟೆಯ ಮೇಲೆ ನೆರಳಿತ್ತು, ಕಂಬಳಿ ಹಾಸಿತ್ತು. ನಮ್ಮನ್ನು ಅಂಗಳದ ಬಿಸಿಲಿನಲ್ಲಿ ಕೂರಿಸಿದರು. ಅಪ್ಪ ಕೈಮುಗಿದು ವಿಷಯ ಹೇಳಿದ. ಯಜಮಾನರು ಗೋಡೆ ನೋಡುತ್ತ ಕೇಳಿಸಿಕೊಂಡು, "ಸಿಕ್ಕಾ ಮಲಗೇತಿ" ಎಂದರು.

ನನಗೆ ಅರ್ಥವಾಗಲಿಲ್ಲ. "ಅಂದ್ರ ಏನ್ರಿ ಕಾಕಾ?" ಎಂದೆ.

"ಅಮಾಸಿ ಮುಂದ ಐತಿ. ಮಲಗಿದ ಸಿಕ್ಕಾ ಎಬ್ಬಸಾಕ ಬರೂದಿಲ್ಲ. ಹೋಗಿ ಬರ್ರಿ."

ಹೀಗೆ ಅದು ಮಲಗುತ್ತಲೇ ಹೋಯಿತು. ಅಮಾವಾಸ್ಯೆ ಆದ ಮೇಲೆ ಅವರ ಮನೆತನದಲ್ಲಿ ಯಾರಿಗೋ ಸೂತಕ. ಸೂತಕ ಕಳೆದರೆ ಆಷಾಢ. ಆಷಾಢ ಮುಗಿದರೆ ಶ್ರಾವಣ, ಒಳ್ಳೆಯ ತಿಂಗಳಲ್ಲಿ ಕಡ್ಡಿ ಮುರಿಯಬಾರದಂತೆ. ಮಹಾನವಮಿಗೆ ಸಿಕ್ಕಾಕ್ಕೆ ಹೊಸದಾಗಿ ಅಭಿಷೇಕ ಆಗಿದೆ, ಇಷ್ಟು ಬೇಗ ಮುಸುರೆ ಕೆಲಸಕ್ಕೆ ಹಚ್ಚಬಾರದಂತೆ. ಹೆಣ್ಣಿನ ಬಿಡುಗಡೆ ಅವರ ಬಾಯಲ್ಲಿ ಮುಸುರೆ ಕೆಲಸ. ಪ್ರತಿ ಸಲವೂ ನಮ್ಮನ್ನು ಅದೇ ಬಿಸಿಲಿನಲ್ಲಿ ಕೂರಿಸಿದರು. ಮಾತಿಗೊಮ್ಮೆ, "ತಾಳಿಕೊಂಡ ಹೋಗಬೇಕವಾ, ಹೆಣ್ಣಮಕ್ಕಳಿಗೆ ಸಿಟ್ಟ ಭಾಳ ಇರಬಾರದು" ಎಂದು ಅಕ್ಕನಿಗೆ ಬುದ್ಧಿ ಹೇಳಿದರು. ಅಕ್ಕನ ಗಂಡ ಪಕ್ಕದ ಓಣಿಯಲ್ಲಿ ಆ ಇನ್ನೊಬ್ಬಳ ಕೈಯ ರೊಟ್ಟಿ ತಿನ್ನುತ್ತ ಹಾಯಾಗಿದ್ದ. ಅವನ ಸಿಟ್ಟಿನ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ವಾಪಸು ಬರುವ ಬಸ್ಸಿನಲ್ಲಿ ಯಜಮಾನರಿಗೆ ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈಯುತ್ತಿದ್ದೆ, ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಅಕ್ಕ ಮಾತ್ರ, "ಸಾಕ ಬಿಡ ಬೇ, ಕಂಡಕ್ಟರ ನೋಡಾಕತ್ತಾನ" ಎನ್ನುತ್ತಿದ್ದಳು.

ಕಾಗವಾಡದವರು ಕಾದರು. ಕಾದರು ಎಂಬುದಕ್ಕೆ ಆ ಸೈಕಲ್ ಅಂಗಡಿಯವನ ಬಗ್ಗೆ ನನಗೆ ಇವತ್ತಿಗೂ ಗೌರವ. ಆದರೆ ಅವನ ತಾಯಿಗೆ ವಯಸ್ಸಾಗಿತ್ತು, ಮುಂದಿನ ಯುಗಾದಿಯೊಳಗೆ ಆಗದಿದ್ದರೆ ಬೇರೆ ಕಡೆ ನೋಡುವುದಾಗಿ ಹೇಳಿಬಿಟ್ಟರು.

ಆಗ ಸಿಕ್ಕಾ ತಾನಾಗಿಯೇ ಎದ್ದಿತು. ನಮಗಾಗಿ ಅಲ್ಲ. ಆ ಇನ್ನೊಬ್ಬ ಹೆಣ್ಣುಮಗಳ ಅಣ್ಣಂದಿರು ಅಥಣಿಯ ಕಡೆಯವರು, ಗಟ್ಟಿ ಮಂದಿ. ಅವರು ಬಂದು, "ಮೊದಲನೇದಾಕಿನ್ನ ಬಿಡು, ಇಲ್ಲಾಂದ್ರ ನಮ್ಮ ತಂಗೀನ ಎತ್ಕೊಂಡ ಹೊಕ್ಕೀವಿ" ಎಂದು ಅಕ್ಕನ ಗಂಡನ ಕೊರಳಪಟ್ಟಿ ಹಿಡಿದರಂತೆ. ಅವನು ಓಡಿಹೋಗಿ ಸೋದರಮಾವನಾದ ಯಜಮಾನರ ಕಾಲು ಹಿಡಿದ. ಮರುವಾರವೇ ನಮಗೆ ಹೇಳಿಕೆ ಬಂತು, ದೈವ ಕೂಡುತ್ತದೆ ಬರ್ರಿ ಎಂದು. ಅದು ಅಮಾವಾಸ್ಯೆಯ ವಾರವಾಗಿತ್ತು. ಈ ಸಲ ಸಿಕ್ಕಾಕ್ಕೆ ನಿದ್ದೆ ಬಂದಿರಲಿಲ್ಲ.

ಗುಡಿಯ ಮುಂದಿನ ಬೇವಿನ ಗಿಡದ ಕೆಳಗೆ ದೈವ ಕೂಡಿತು. ಗಂಡಸರು ಕಂಬಳಿಯ ಮೇಲೆ, ಅಕ್ಕ ಮಣ್ಣಿನ ಮೇಲೆ. ಅವಳ ಗಂಡ ಚಪ್ಪಲಿ ಬಿಟ್ಟು ಯಜಮಾನರ ಮಗ್ಗುಲಲ್ಲೇ ಕೂತಿದ್ದ. ದಂಟಿನ ಕಡ್ಡಿ ತಂದು ಇಬ್ಬರ ಕೈಗೂ ಕೊಡುವ ಮೊದಲು ಯಜಮಾನರು ಗೋಡೆ ಇಲ್ಲದ್ದರಿಂದ ಬೇವಿನ ಗಿಡ ನೋಡುತ್ತ ಹೇಳಿದರು: "ಸಿಕ್ಕಾ ಬೀಳಬೇಕಂದ್ರ ಬಿಟ್ಟ ಹೋದಾಕಿ ತಪ್ಪ ಒಪ್ಪಬೇಕು. ಅದು ಮೊದಲಿನಿಂದ ಬಂದದ್ದು. ತಪ್ಪ ನಂದು ಅನ್ನವಾ."

ನಾನು ಎದ್ದು ನಿಂತೆ. "ಅಕಿ ಏನ ತಪ್ಪ ಮಾಡ್ಯಾಳ್ರಿ ಕಾಕಾ? ಮನ್ಯಾಗ ಇನ್ನೊಬ್ಬಾಕಿನ್ನ ತಂದ ಕೂಡಿಸಿದಾಂವ ನಿಮ್ಮ ಮಗ್ಗಲದಾಗ ಕುಂತಾನ, ಅವನ್ನ ಕೇಳ್ರಿ."

"ಇಕಿ ಯಾರು? ಸಾಲಿ ಕಲ್ತಾಕೇನ?" ಎಂದರು ಯಜಮಾನರು. ಒಬ್ಬಿಬ್ಬರು ನಕ್ಕರು. ಅಪ್ಪ ನನ್ನ ಮೊಣಕೈ ಹಿಡಿದು ಜಗ್ಗಿ ಕೂರಿಸಿದ.

ಅಕ್ಕ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ, "ತಪ್ಪ ನಂದು" ಎಂದಳು. ಹಾಲಿನ ಲೆಕ್ಕ ಹೇಳುವಷ್ಟು ಸಲೀಸಾಗಿ ಹೇಳಿದಳು. ಅವಳು ನನ್ನ ಕಡೆ ನೋಡಲಿಲ್ಲ.

ಕಡ್ಡಿ ಮುರಿದರು. ಊರಿನ ಒಬ್ಬರು ಕಾಗದ ಬರೆದು ಓದಿ ಹೇಳಿದರು. ಪೆಟ್ಟಿಗೆ ತೆರೆದು, ಕೆಂಪು ಬಟ್ಟೆ ಬಿಚ್ಚಿ, ಯಜಮಾನರು ಸಿಕ್ಕಾ ಹೊರಗೆ ತೆಗೆದರು. ದೊಡ್ಡ ಗುಂಡಿಯಷ್ಟು ಅಗಲ, ಹಿಡಿಯುವುದಕ್ಕೆ ಒಂದು ಮೊಂಡು ಹಿಡಿಕೆ; ಇಷ್ಟೇನಾ ಎನ್ನಿಸಿತು. ಔಡಲೆಣ್ಣೆಯ ದೀಪದಿಂದ ಹಿಡಿದ ಕಾಡಿಗೆಯನ್ನು ಅದರ ಮುಖಕ್ಕೆ ಸವರಿದರು. ಹೆಬ್ಬೆರಳನ್ನು ನಾಲಿಗೆಗೆ ಹಚ್ಚಿ, ಕಾಗದದ ಮೇಲೆ ಎಂಜಲು ತಿಕ್ಕಿ, ಅದು ಹಸಿಯಾದ ಮೇಲೆ ಸಿಕ್ಕಾ ಇಟ್ಟು ಅಂಗೈಯಿಂದ ಒತ್ತಿದರು. ಎತ್ತಿದಾಗ ಕಪ್ಪು ವೃತ್ತದೊಳಗೆ ಸೊಟ್ಟಸೊಟ್ಟ ಗೆರೆಗಳು ಮೂಡಿದ್ದವು. ಅಪ್ಪ ಎರಡೂ ಕೈ ಚಾಚಿ ಕಾಗದ ತೆಗೆದುಕೊಂಡ.

"ಏನ ಬರದೈತ್ರಿ ಇದರಾಗ?" ಎಂದು ನಾನು ಕೇಳಿದೆ. ಓದಲು ಬಾರದ ಅಕ್ಷರ ಕಂಡರೆ ಸುಮ್ಮನಿರುವ ಜಾಯಮಾನ ನನ್ನದಲ್ಲ.

"ಕುಲದ್ಯಾವರ ಹೆಸರ. ಹೆಣ್ಣಮಕ್ಕಳು ಓದೂದಲ್ಲ" ಎಂದು ಪೆಟ್ಟಿಗೆ ಮುಚ್ಚಿದರು.

ಕಾಗವಾಡದವರು ಮಾತು ಮುಗಿಸಲು ನಮ್ಮ ಮನೆಗೆ ಬಂದರು. ಸೈಕಲ್ ಅಂಗಡಿಯವನು, ಅವನ ತಾಯಿ, ಅವನ ಸೋದರಮಾವ. ಸೋದರಮಾವನಿಗೆ ತುಂಬಾ ವಯಸ್ಸು. ಹಳೆಯ ಸಂಸ್ಥಾನವೊಂದರ ಕಚೇರಿಯಲ್ಲಿ ಹರೆಯದಲ್ಲಿ ಕಾರಕೂನಿಕೆ ಮಾಡಿದವರು, ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು. ತಾಯಿ ಕಾಗದ ಇಸಿದುಕೊಂಡು ಮೊದಲು ಸಿಕ್ಕಾ ಹುಡುಕಿದಳು, ಬೆರಳಿನಿಂದ ಮುಟ್ಟಿದಳು, ಆಮೇಲೆ ತಮ್ಮನ ಕೈಗೆ ಕೊಟ್ಟಳು. "ಬಘ ರೇ, ನೋಡು, ಖರೆ ಐತೇನ?"

ನಾನು ಅವಲಕ್ಕಿಯ ತಾಟು ಹಿಡಿದು ಅವರ ಹಿಂದೆಯೇ ನಿಂತಿದ್ದೆ. ಮುದುಕರು ಕಾಗದವನ್ನು ಬೆಳಕಿಗೆ ಹಿಡಿದರು. ಅವರ ತುಟಿ ಅಲುಗಿತು. ಇವರಿಗೆ ಈ ಅಕ್ಷರ ಓದಲು ಬರುತ್ತದೆ ಎಂದು ನನಗೆ ಆಗ ಹೊಳೆಯಿತು. ಅವರು ಒಮ್ಮೆ ಓದಿ, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು. ತಲೆ ಎತ್ತಿ ಬಾಗಿಲ ಸಂದಿಯಲ್ಲಿ ನಿಂತಿದ್ದ ಅಕ್ಕನನ್ನು ನೋಡಿದರು. ಅವರ ಮುಖದಲ್ಲಿ ಏನೋ ಸರಿಯಿಲ್ಲ ಎಂದು ನನಗೆ ಅನ್ನಿಸಿತು. ಇಷ್ಟು ದಿನ ಬಿಸಿಲಲ್ಲಿ ಕೂತು, ಮಾಡದ ತಪ್ಪು ಒಪ್ಪಿ, ಕೊನೆಗೆ ಇಲ್ಲಿ ಮುರಿಯುತ್ತದೆ ಎಂದುಕೊಂಡೆ.

"ಸಿಕ್ಕಾ ಖರೆ ಐತಿ" ಎಂದರು ಅವರು. "ಭಾಳ ಹಳೇದು. ಮುಂದಿನ ಮಾತ ಆಡ್ರಿ."

ಕೈ ತೊಳೆಯಲು ಹಿತ್ತಲಿಗೆ ಬಂದಾಗ ನಾನು ತಂಬಿಗೆ ಹಿಡಿದುಕೊಂಡು ಹೋದೆ. ನೀರು ಹಾಕದೆ ನಿಂತೆ. "ಅಜ್ಜಾರ, ಅದರಾಗ ಏನ ಬರದೈತಿ ಖರೆ ಹೇಳ್ರಿ."

ಅವರು ಸುತ್ತ ನೋಡಿದರು. "ಮೋಡಿ ಅಕ್ಷರವಾ ಅದು, ಮಗಳ, ಮರಾಠಿಯವರ ಹಳೇ ಬರವಣಿಗಿ. ವನಚರಾಈ ವಸೂಲ ಅಂತ ಐತಿ. ಅಡವ್ಯಾಗ ಕುರಿ ಮೇಸಿದ್ದಕ್ಕ ಸರಕಾರ ಸುಂಕ ಹಾಕತಿತ್ತು. ಸುಂಕ ಮುಟ್ಟೇತಿ ಅಂತ ಕುರಿಯವರ ಚೀಟಿ ಮ್ಯಾಲೆ ಒತ್ತೂ ಸಿಕ್ಕಾ. ಲಗ್ನಕ್ಕೂ ಇದಕ್ಕೂ ಸಂಬಂಧ ಇಲ್ಲ." ಕೈ ಚಾಚಿ, "ಯಾರ ಮುಂದೂ ಹೇಳಬ್ಯಾಡ. ಹುಡುಗಿ ಬದುಕಲಿ. ನೀರ ಹಾಕು" ಎಂದರು.

ನಾನು ನೀರು ಹಾಕಿದೆ.

ಹುಲ್ಲಿನ ಸುಂಕ! ನನಗೆ ಅವತ್ತು ಊಟ ಸೇರಲಿಲ್ಲ. ನಮ್ಮ ಕುಲದ ಎಷ್ಟು ಹೆಣ್ಣುಮಕ್ಕಳು ಆ ಅಂಗಳದ ಬಿಸಿಲಿನಲ್ಲಿ ಕೂತು ಎದ್ದು ಹೋಗಿದ್ದಾರೋ, ಅವರೆಲ್ಲರ ಬಾಳಿನ ಮೇಲೂ ಕುರಿ ಮೇಯಿಸಿದ ಸುಂಕ ಸಂದಿದೆ ಎಂಬ ಮುದ್ರೆ. ಅಭಿಷೇಕ ಅದಕ್ಕೆ, ಅಮಾವಾಸ್ಯೆ ಅದಕ್ಕೆ, ಹೆಂಗಸರ ಮೈಲಿಗೆ ಅದಕ್ಕೆ. ಆ ಕ್ಷಣವೇ ಬಸ್ಸು ಹತ್ತಿ ಹೋಗಿ ಆ ಪೆಟ್ಟಿಗೆಯನ್ನು ಬಾವಿಗೆ ಎಸೆಯಬೇಕು ಎನ್ನಿಸಿತು. ಅಕ್ಕನಿಗೆ ಮಾತ್ರ ಹೇಳಿದೆ. ಅವಳು ಮರಿಗೆ ಹಾಲು ಕುಡಿಸುತ್ತಿದ್ದಳು. ತಲೆ ಎತ್ತದೆ, "ಆ ಮುದಕಪ್ಪ ಖರೆ ಐತಿ ಅಂದ್ರಿಲ್ಲೋ? ಮುಗೀತ. ನೀ ಒಂದ ಮಾತ ಆಡಿದಿ ಅಂದ್ರ ನನ್ನ ಮಾರಿ ನೋಡಬ್ಯಾಡ" ಎಂದಳು. ಅವಳು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ.

ಮದುವೆಯಾಯಿತು. ನಾನು ತುಟಿ ಹೊಲಿದುಕೊಂಡು ಅಕ್ಕಿಕಾಳು ಹಾಕಿದೆ. ನನಗೆ ನೌಕರಿ ಸಿಕ್ಕಿತು. ತೊಂಬತ್ತರ ದಶಕ ಶುರುವಾದ ಮೇಲೆ ಅಕ್ಕನಿಗೆ ಒಂದು ಗಂಡು ಕೂಸು ಹುಟ್ಟಿತು. ಕಾಗವಾಡದಲ್ಲಿ ತೊಟ್ಟಿಲಿಗೆ ಹಾಕುವ ದಿನ ಅಕ್ಕನ ಅತ್ತೆ ದೈವದ ಯಜಮಾನರನ್ನೂ ಕರೆಸಿದ್ದಳು! ಹೊಸ ಧೋತರ, ಹೊಸ ಪಟಗಾ ಕೊಟ್ಟು ಗೌರವಿಸಿದರು. ಅವರು ಎಲೆ ಅಡಿಕೆ ಹಾಕಿಕೊಂಡು, ಅಷ್ಟೂ ಮಂದಿಯ ಮುಂದೆ ಗೋಡೆ ನೋಡುತ್ತ, "ನಾ ಸಿಕ್ಕಾ ಒತ್ತಿದ್ದಕ್ಕ ಈ ಕೂಸ ಇವತ್ತ ತೊಟ್ಟಲದಾಗ ಐತಿ" ಎಂದರು. ಎಲ್ಲರೂ ಹೌದ್ರಿ ಹೌದ್ರಿ ಎಂದರು. ಅಕ್ಕನೂ ತಲೆಯಾಡಿಸಿದಳು. ನನ್ನ ತಾಳ್ಮೆಯ ಗಂಟು ಅಲ್ಲಿ ಬಿಚ್ಚಿತು.

ಮುಂದಿನ ರಜೆಯ ದಿನ ಯಾರಿಗೂ ಹೇಳದೆ ನಾನೊಬ್ಬಳೇ ಅವರ ಊರಿಗೆ ಹೋದೆ. ಮಧ್ಯಾಹ್ನ. ಅವರು ಕಟ್ಟೆಯ ಮೇಲೆ ಕೂತು ಅಂಗೈಯಲ್ಲಿ ತಂಬಾಕಿಗೆ ಸುಣ್ಣ ತಿಕ್ಕುತ್ತಿದ್ದರು. ನಾನು ಅಂಗಳದಲ್ಲಿ ನಿಲ್ಲಲಿಲ್ಲ. ಕಟ್ಟೆ ಹತ್ತಿ ಕಂಬಳಿಯ ಮೇಲೆ ಅವರ ಎದುರಿಗೇ ಕೂತೆ.

"ಕಾಕಾ, ನಿಮ್ಮ ಸಿಕ್ಕಾದಾಗ ದ್ಯಾವರ ಹೆಸರ ಇಲ್ಲ. ವನಚರಾಈ ವಸೂಲ ಅಂತ ಐತಿ. ಕುರಿಯವರ ಚೀಟಿಗೆ ಒತ್ತೂ ಸಿಕ್ಕಾ ಅದು."

ಅವರು ಬೆಚ್ಚಿಬೀಳುತ್ತಾರೆ, ಕೂಗಾಡುತ್ತಾರೆ, ನನ್ನನ್ನು ಹೊರಗೆ ಹಾಕುತ್ತಾರೆ ಎಂದು ದಾರಿಯುದ್ದಕ್ಕೂ ಎಣಿಸಿಕೊಂಡು ಬಂದಿದ್ದೆ. ಅವರು ತಂಬಾಕು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಯಾರ ಓದಿ ಹೇಳಿದ್ರು?" ಎಂದು ಮಾತ್ರ ಕೇಳಿದರು.

"ಯಾರರೆ ಹೇಳಲಿ. ಖರೇನೋ ಸುಳ್ಳೋ ಹೇಳ್ರಿ."

"ಖರೆ ಐತಿ." ತಂಬಾಕನ್ನು ತುಟಿಯಲ್ಲಿಟ್ಟುಕೊಂಡರು. "ನಮ್ಮಪ್ಪ ಮೋಡಿ ಬಲ್ಲಾಂವ ಇದ್ದ. ಸಾಯೂ ಮುಂದ ನನಗ ಹೇಳಿ ಹೋಗ್ಯಾನ. ನಮ್ಮ ಮುತ್ಯಾಗಳ ಕಾಲದಾಗ ಅಡವ್ಯಾಗ ಕುರಿ ಎಣಿಸಿ ಸುಂಕ ಎತ್ತೂ ಕೆಲಸ ನಮ್ಮ ಮನಿದು. ಸುಂಕ ಹೋತು, ಸಿಕ್ಕಾ ಉಳೀತು. ಮಂದಿ ಬಂದು, ನಿಮ್ಮ ಮನ್ಯಾಗ ಸಿಕ್ಕಾ ಐತೆಲ್ಲ, ಈ ಕಾಗದಕ್ಕ ಒತ್ತರಿ ಅಂದ್ರು. ಒತ್ತಿದ್ರು. ನಾವೇನ ಯಾರ ಮನಿಗೂ ಕರ್ಯಾಕ ಹೋಗಿಲ್ಲ."

"ಗೊತ್ತಿದ್ದೂ ಹೆಣ್ಣಮಕ್ಕಳನ್ನ ಬಿಸಲಾಗ ಕುಂದ್ರಸ್ತೀರಿ? ಸಿಕ್ಕಾ ಮಲಗೇತಿ ಅಂತೀರಿ? ತಪ್ಪ ನಂದು ಅನ್ನಸ್ತೀರಿ? ನಾಚಿಕಿ ಆಗೂದಿಲ್ಲ ನಿಮಗ?"

ಆಗ ಅವರು ಗೋಡೆ ಬಿಟ್ಟು ಮೊದಲ ಸಲ ನನ್ನ ಮುಖವನ್ನೇ ನೋಡಿದರು. "ಬಂದ ಕೂಡಲೇ ತಗದ ಒತ್ತಿ ಕೊಟ್ರ ಅದನ್ನ ಯಾರ ನಂಬತಾರ? ನಿಮ್ಮ ಕಚೇರಿಯವರು ಬಂದ ದಿನಾನ ಸಿಕ್ಕಾ ಒತ್ತಿ ಕೊಡ್ತಾರೇನ?"

"ಊರೂರಿಗೆ ಹೋಗಿ ಹೇಳತೀನಿ. ಎಲ್ಲಾರಿಗೂ ಗೊತ್ತಾಗಲಿ."

"ಹೇಳು. ನಾ ಏನ ನಿನ್ನ ಬಾಯಿ ಹಿಡದೀನೇನ?" ಅವರ ದನಿ ಸ್ವಲ್ಪವೂ ಏರಲಿಲ್ಲ. "ಮೊದಲ ಕಾಗವಾಡಕ್ಕ ಹೋಗು. ನಿಮ್ಮಕ್ಕನ ಅತ್ತಿ ಮುಂದ ಹೇಳು, ನಿನ್ನ ಸೊಸಿ ಸೋಡಚೀಟಿ ಸುಳ್ಳ ಐತಿ, ಅಕಿ ಇನ್ನೂ ಮೊದಲಿನ ಗಂಡನ ಹೇಂತಿ ಅದಾಳ ಅಂತ. ಆಮ್ಯಾಲ ತೊಟ್ಟಲದಾಗಿನ ಕೂಸ ಯಾರದು ಅಂತ ಕೇಳತಾರ. ಅದಕ್ಕೂ ನೀನ ಉತ್ತರ ಕೊಡು. ಅಲ್ಲಿಂದ ಮುಂದ ಯಾರ್ಯಾರ ಮನಿಗೆ ಹೋಗಬೇಕು ಅನ್ನೂದನ್ನ ನಾ ಹೇಳತೀನಿ. ಭಾಳ ಮಂದಿ ಅದಾರ. ಮೊಮ್ಮಕ್ಕಳ ಕಂಡ ಮುದಕ್ಯಾರೂ ಅದಾರ."

ನಾನು ಹೋಗಲು ಎದ್ದೆ. ಅವರು ಒಳಗೆ ತಿರುಗಿ, "ಅಕ್ಕೋರು ಬಂದಾರ, ಮಜ್ಜಿಗಿ ತರ್ರಿ" ಎಂದು ಕೂಗಿದರು. ಒಂದು ಹಿತ್ತಾಳೆ ತಂಬಿಗೆಯಲ್ಲಿ ಮಜ್ಜಿಗೆ ಬಂತು. ಕುಡಿಯಬಾರದೆಂದುಕೊಂಡೆ, ಗಂಟಲು ಕೇಳಲಿಲ್ಲ, ಕುಡಿದೆ. ಅದು ರುಚಿಯಾಗಿತ್ತು ಎಂಬುದು ಕೂಡ ನನಗೆ ಅವರ ಮೇಲಿನ ಸಿಟ್ಟನ್ನು ಹೆಚ್ಚಿಸಿತು.

ಯಜಮಾನರು ಈಗ ಇಲ್ಲ. ಮಗ ಅದೇ ಕಟ್ಟೆಯ ಮೇಲೆ ಕೂರುತ್ತಾನೆ. ಅವನಿಗೆ ಅಪ್ಪ ಹೇಳಿ ಹೋಗಿದ್ದಾರೋ ಇಲ್ಲವೋ ತಿಳಿಯದು, ನಾನು ಕೇಳಲು ಹೋಗಿಲ್ಲ. ನಾನು ಇಷ್ಟೆಲ್ಲ ಬರೆದರೂ ಇದರಲ್ಲಿ ಒಬ್ಬರ ಹೆಸರೂ ಇಲ್ಲ, ನಮ್ಮ ಕುಲ ಯಾವುದೆಂದೂ ಇಲ್ಲ, ಆ ಊರು ಮುಗಳಖೋಡದ ಯಾವ ದಿಕ್ಕಿಗಿದೆ ಎಂದೂ ಇಲ್ಲ. ಕಾಗವಾಡ ಎಂದದ್ದು ಕಾಗವಾಡವೇ, ಸೈಕಲ್ ಅಂಗಡಿ ಎಂದದ್ದು ಸೈಕಲ್ ಅಂಗಡಿಯೇ ಆಗಿರಬೇಕಿಲ್ಲ. ಅಕ್ಕನ ಮಗ ದೊಡ್ಡವನಾಗಿದ್ದಾನೆ, ಓದು ಬರಹ ಬಲ್ಲವನು. ಅವನ ಕೈಗೆ ಇದು ಸಿಕ್ಕರೂ ಇದು ತನ್ನ ತಾಯಿಯ ಕಥೆ ಎಂದು ಗುರುತು ಸಿಗಬಾರದು.

ಯಜಮಾನರು ತೀರಿಕೊಂಡು ಮಗ ಸಿಕ್ಕಾ ಒತ್ತತೊಡಗಿದ ಮೇಲೆ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ದಿನ ಶಾಲೆ ಬಿಟ್ಟ ಮೇಲೆ ನಮ್ಮ ಕುಲದ ಒಬ್ಬ ಹೆಣ್ಣುಮಗಳು ನನ್ನನ್ನು ಹುಡುಕಿಕೊಂಡು ಬಂದಳು. ಅಂಗಳದ ಬಿಸಿಲಿನಲ್ಲಿ ಎಷ್ಟು ಸಲ ಕೂತು ಬಂದಿದ್ದಳೋ, ಮುಖವೆಲ್ಲ ಕಪ್ಪಿಟ್ಟಿತ್ತು. ಸೆರಗಿನ ಗಂಟಿನಿಂದ ಕಾಗದ ಬಿಚ್ಚಿ ನನ್ನ ಮುಂದೆ ಹಿಡಿದಳು. ಮಸಿ ಇನ್ನೂ ಹೊಳೆಯುತ್ತಿತ್ತು. "ಅಕ್ಕೋರ, ನೀವು ಕಲ್ತಾರು. ಈ ಸಿಕ್ಕಾ ಖರೆ ಐತೇನ್ರಿ? ಇನ್ನ ನಾ ಬಿಡುಗಡಿ ಆದಂಗನ್ರಿ?" ಎಂದು ಕೇಳಿದಳು.

ನಾನು ಕಾಗದವನ್ನು ಬೆಳಕಿಗೆ ಹಿಡಿದೆ. ಅಷ್ಟು ಹೊತ್ತಿಗೆ ನಾನು ಹಟದಿಂದ ಮೋಡಿ ಕಲಿತಿದ್ದೆ. ಒಂದೊಂದು ಅಕ್ಷರವೂ ನನಗೆ ಸ್ಪಷ್ಟವಾಗಿ ಓದಲು ಬಂತು.

"ಖರೆ ಐತಿ. ಬಿಡುಗಡಿ ಆದಿ. ಒದ್ದಿ ಆಗದಂಗ ಇಟ್ಕೋ ಹೋಗು" ಎಂದೆ. ಅವಳು ನನ್ನ ಕಾಲಿಗೆ ಬಿದ್ದಳು. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು, ಸತ್ತು ಹೋಗಿದ್ದ ಆ ಮನುಷ್ಯನನ್ನು ದನಿ ಬತ್ತುವವರೆಗೂ ಬೈದೆ.